ಹಳೇ ನಕ್ಷೆ, ಕಲ್ಲಿನ ಗುರುತು ಓದಿ ಮರೆತುಹೋದ ಗಣಿ ಹುಡುಕೋದು ಹೇಗೆ

ವಾರಕ್ಕೊಬ್ಬರಾದ್ರೂ ಫೋಟೋ ಕಳಿಸ್ತಾರೆ. ಒಂದೋ ಬಂಡೆ ಮೇಲೆ ಸೂರ್ಯ ಚಂದ್ರ ಕೆತ್ತಿರೋದು, ಇಲ್ಲಾಂದ್ರೆ ಹೊಗೆ ಹಿಡಿದ ಕಾಗದದ ಮೇಲೆ ಹಾವು, ಬಾಣ, ಮೂರು ಚುಕ್ಕಿ. ಕೆಳಗೆ ಒಂದೇ ಪ್ರಶ್ನೆ, "ಇದು ಯಾವ ಗಣಿಗೆ ದಾರಿ ಹೇಳಿ". ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದೀನಿ.

ಮೊದಲೇ ಹೇಳ್ಬಿಡ್ತೀನಿ, ಆಮೆ ಗುರುತು ಹೃದಯದ ಗುರುತು ಅಂತ ವಿಡಿಯೋಗಳಲ್ಲಿ ತೋರಿಸ್ತಾರಲ್ಲ, ಅದೆಲ್ಲ ಅಮೆರಿಕದ ಅರಿಜೋನಾ ಕಡೆ ಕಥೆ. ಅಲ್ಲಿ ಸೂಪರ್‌ಸ್ಟಿಷನ್ ಬೆಟ್ಟದಲ್ಲಿ ಜೇಕಬ್ ವಾಲ್ಟ್ಸ್ ಅನ್ನೋನ ಚಿನ್ನದ ಗಣಿ ಇದೆ ಅಂತ, ಅವನು 1891ರಲ್ಲಿ ಸತ್ತಾಗಿಂದ ಜನ ಹುಡುಕ್ತಾನೇ ಇದಾರೆ, ಇವತ್ತಿಗೂ ಸಿಕ್ಕಿಲ್ಲ. ಆ ಗುರುತಿನ ಪಟ್ಟಿ ಹಿಡ್ಕೊಂಡು ಗದಗಲ್ಲೋ ಚಿತ್ರದುರ್ಗದಲ್ಲೋ ಬಂಡೆ ನೋಡಿದ್ರೆ ಬರೋ ಉತ್ತರ ಸುಳ್ಳೇ.

ನಮ್ಮ ಕಡೆ ಕಳೆದುಹೋದ ಗಣಿ ನಿಜವಾಗ್ಲೂ ಸಿಕ್ಕಿದೆ, ಹೇಗೆ ಸಿಕ್ತು ಅನ್ನೋದೂ ದಾಖಲೆಲಿದೆ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಅನ್ನೋ ಸರ್ವೆ ಅಧಿಕಾರಿ ಮೈಸೂರಿನ ಪೂರ್ವ ಗಡಿ ಅಳೀತಾ ಕೋಲಾರದ ಕಡೆ ಬಂದ, ಇಲ್ಲಿ ಚಿನ್ನ ಇದೆ ಅಂತ ಜನ ಮಾತಾಡೋದು ಕಿವಿಗೆ ಬಿತ್ತು, ತೋರಿಸಿದೋರಿಗೆ ಬಹುಮಾನ ಅಂದ. ಊರಿನವರು ಗಾಡಿಲಿ ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದ್ರು. ಮಾರಿಕುಪ್ಪಂ ಹತ್ರ ಊರವರೇ ತೋಡಿದ್ದ 30 ಅಡಿ, 45 ಅಡಿ ಗುಂಡಿಗಳನ್ನೂ ನೋಡಿ ಬರೆದಿಟ್ಟ. ಆ ವರದಿ ಧೂಳು ತಿಂತಾ ಬಿದ್ದಿತ್ತು. ನ್ಯೂಜಿಲೆಂಡಲ್ಲಿ ಯುದ್ಧ ಮಾಡಿ ಬಂದು ಬೆಂಗಳೂರು ಕಂಟೋನ್ಮೆಂಟಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಅದನ್ನ ಓದಿ 1871ರಲ್ಲಿ ಎತ್ತಿನ ಗಾಡಿ ಕಟ್ಕೊಂಡು ಹೋದ, ಗುಂಡಿಗಳು ಅಲ್ಲೇ ಇದ್ವು. 1875ರಲ್ಲಿ ಲೈಸೆನ್ಸ್ ಸಿಕ್ತು. ಬೆಂಗಳೂರಿನ ಲವೆಲ್ ರೋಡ್ ಅವನ ಹೆಸರೇ. ಗಮನಿಸಿ, ಇದರಲ್ಲಿ ಗುಪ್ತ ಸಂಕೇತ ಎಲ್ಲೂ ಇಲ್ಲ. ಬೋರು ಹೊಡಿಸೋ ಒಂದು ಸರ್ಕಾರಿ ವರದಿ, ಊರಿನ ಜನರ ಮಾತು, ಹೋಗಿ ನೋಡೋ ಕಾಲು, ಅಷ್ಟೇ.

ಏನೇನು ಬೇಕು

ಖರ್ಚು ಜಾಸ್ತಿ ಇಲ್ಲ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ (ಬೆಟ್ಟ, ಹಳ್ಳ, ಎತ್ತರದ ಗೆರೆ ಎಲ್ಲಾ ಇರೋ ನಕ್ಷೆ) ಅವರ ನಕ್ಷೆ ಪೋರ್ಟಲಲ್ಲಿ ಸಿಗತ್ತೆ. ಭೂವಿಜ್ಞಾನ ಇಲಾಖೆಯ ಭೂಕೋಶ್ ಪೋರ್ಟಲಲ್ಲಿ ಯಾವ ಜಾಗದಲ್ಲಿ ಯಾವ ಕಲ್ಲು ಅಂತ ನೋಡ್ಬಹುದು. ಫೋನಲ್ಲಿ ದಿಶಾಂಕ್ ಆಪ್ ಇರ್ಲಿ, ನೀವು ನಿಂತಿರೋ ಜಾಗದ ಸರ್ವೆ ನಂಬರ್ ತೋರಿಸತ್ತೆ. ಕಂಪ್ಯೂಟರಲ್ಲಿ ಕ್ಯೂಜಿಐಎಸ್ ಅನ್ನೋ ಉಚಿತ ಸಾಫ್ಟ್‌ವೇರ್, ಒಂದು ದಿಕ್ಸೂಚಿ, ಒಂದು ಟೇಪು, ನೋಟ್‌ಬುಕ್ಕು. ಮೆಟಲ್ ಡಿಟೆಕ್ಟರ್ ಬೇಡ. ಬೆಣಚು ಕಲ್ಲೊಳಗಿನ ಕಣ್ಣಿಗೆ ಕಾಣದ ಚಿನ್ನ ಅದಕ್ಕೆ ಕೇಳ್ಸಲ್ಲ, ಜೊತೆಗೆ ಅದನ್ನ ಹಿಡ್ಕೊಂಡು ದೇವಸ್ಥಾನದ ಹತ್ರ ಓಡಾಡಿದ್ರೆ ಊರಿನವರು ನಿಧಿಗಳ್ಳರು ಅಂತ ಕಟ್ಟಿಹಾಕ್ತಾರೆ, ಅವರದ್ದು ತಪ್ಪೂ ಅಲ್ಲ.

ಹಂತ 1: ಕೈಲಿರೋ ಕಾಗದ ಏನು ಅಂತ ಮೊದಲು ಗೊತ್ತು ಮಾಡ್ಕೊಳ್ಳಿ

ಗಣಿ ನಕ್ಷೆ ಅಂತ ಜನ ತರೋದ್ರಲ್ಲಿ ಮೂರು ಥರ ಇರತ್ತೆ. ಒಂದು ನಿಜವಾದ ಸರ್ವೆ ನಕ್ಷೆ, ಸ್ಕೇಲು, ಉತ್ತರ ದಿಕ್ಕು, ಇಸವಿ ಹಾಕಿರ್ತಾರೆ. ಎರಡನೇದು ಹೊಲದ ಟಿಪ್ಪಣಿ, ಅಂದ್ರೆ ಸರ್ವೆಯರು ಒಂದು ಸರ್ವೆ ನಂಬರನ್ನ ಅಳೆದು ಕೈಲಿ ಬರೆದ ಚಿತ್ರ, ಮನೆ ಪೆಟ್ಟಿಗೆಲಿ ಅಜ್ಜನ ಕಾಲದಿಂದ ಇರೋದು ಹೆಚ್ಚುಪಾಲು ಇದೇ. ಅದರ ಗೆರೆ, ಚುಕ್ಕಿ, ಅಂಕಿ ನೋಡಿ ಏನೋ ರಹಸ್ಯ ಅನ್ಕೋತಾರೆ, ಅದು ಅಪ್ಪಟ ಜಮೀನಿನ ಲೆಕ್ಕ. ಮೂರನೇದು ಮಾರಾಟಕ್ಕೆ ಅಂತಾನೇ ಮಾಡಿದ ನಕಲಿ. ಟೀ ಡಿಕಾಕ್ಷನಲ್ಲಿ ಅದ್ದಿ ಅಂಚು ಸುಟ್ಟಿರ್ತಾರೆ. ಹಳೇ ಕಾಗದ ಮಡಿಕೆಲಿ ಹರಿಯತ್ತೆ, ಹುಳ ತಿಂದ ತೂತು ಒಂದು ಪದರದಿಂದ ಇನ್ನೊಂದಕ್ಕೆ ದಾಟಿರತ್ತೆ, ನಕಲಿಲಿ ಕಲೆ ಮಾತ್ರ ಇರತ್ತೆ ತೂತು ಇರಲ್ಲ. ಇನ್ನು ತಾಳೆಗರಿ, ತಾಮ್ರದ ತಗಡು ತೋರಿಸಿ ಅಡ್ವಾನ್ಸ್ ಕೇಳೋರು, ಅಂಜನ ಹಾಕಿ ಭೂಮಿ ಒಳಗೆ ನೋಡ್ತೀವಿ ಅನ್ನೋರು, ರೈಸ್ ಪುಲ್ಲಿಂಗ್ (ಅಕ್ಕಿ ಎಳೆಯೋ ಪಾತ್ರೆ ಅಂತ ಮಾಡೋ ಮೋಸ) ಅನ್ನೋರು ಬಂದ್ರೆ ಅಲ್ಲೇ ಬಾಗಿಲು ಹಾಕ್ಕೊಳ್ಳಿ.

ಹಂತ 2: ಹೆಸರುಗಳನ್ನ ಬಿಡಿಸಿ

ಹಳೇ ಇಂಗ್ಲಿಷ್ ನಕ್ಷೆಲಿ ನಮ್ಮೂರ ಹೆಸರು ಗುರುತೇ ಸಿಗಲ್ಲ. ಚಿತ್ರದುರ್ಗ "ಚಿಟ್ಟಲ್‌ಡ್ರೂಗ್", ನಂದಿದುರ್ಗ "ನಂಡಿಡ್ರೂಗ್". ಕಣ್ಣಲ್ಲಿ ಓದ್ಬೇಡಿ, ಬಾಯಲ್ಲಿ ಜೋರಾಗಿ ಹೇಳಿ, ಬ್ರಿಟಿಷರ ಕಿವಿಗೆ ಬಿದ್ದ ಹಾಗೆ ಬರೆದಿದಾರೆ ಅಷ್ಟೇ. ಊರೇ ಹಾಳಾಗಿದ್ರೂ ಹೆಸರು ಕಂದಾಯ ದಾಖಲೆಲಿ ಬೇಚಿರಾಕ್ ಗ್ರಾಮ (ದೀಪ ಹಚ್ಚೋರಿಲ್ಲದ ಊರು, ಅಂದ್ರೆ ಜನವಸತಿ ಇಲ್ಲದ್ದು) ಅಂತ ಉಳಿದಿರತ್ತೆ, ಅಲ್ಲೂ ನೋಡಿ.

ಹೊನ್ನು, ಚಿನ್ನ ಅಂತ ಶುರುವಾಗೋ ಹೆಸರೆಲ್ಲ ಗಣಿ ಅಲ್ಲ. ಹೊನ್ನಾಳಿ ಕಡೆ ಚಿನ್ನದ ಕುರುಹು ಇರೋದು ನಿಜ, ಹಂಗಂತ ಹೊನ್ನಪ್ಪ ಅನ್ನೋ ಗೌಡ ಕಟ್ಟಿದ ಹಳ್ಳಿಲೂ ಹೊನ್ನು ಇರ್ಬೇಕಾಗಿಲ್ಲ. ಇನ್ನೊಂದು ಕಡೆ ರಾಯಚೂರು ಜಿಲ್ಲೆ ಹಟ್ಟಿ ಹೆಸರಲ್ಲಿ ಚಿನ್ನದ ವಾಸನೆಯೂ ಇಲ್ಲ, ದೇಶದಲ್ಲಿ ಇವತ್ತಿಗೂ ದೊಡ್ಡದಾಗಿ ಚಿನ್ನ ತೆಗೀತಿರೋ ಗಣಿ ಅದು! ಹೆಸರಿಗಿಂತ ಹೊಲದ ಅಡ್ಡಹೆಸರು ನಂಬಿ, ಕಿಟ್ಟದ ಹೊಲ ಅಂದ್ರೆ ಲೋಹ ಕರಗಿಸಿ ಬಿಟ್ಟ ಕಸ (ಕಿಟ್ಟ) ಅಲ್ಲಿ ಬಿದ್ದಿರೋ ಸಾಧ್ಯತೆ ಜಾಸ್ತಿ.

ಹಂತ 3: ಇಸವಿ, ಅಳತೆ, ಲಿಪಿ

ಶಕ ವರ್ಷ ಇದ್ರೆ 78 ಕೂಡಿಸಿ, ಫಸಲಿ ಇದ್ರೆ (ಹೈದರಾಬಾದ್ ನಿಜಾಮರ ಕಡೆ ಕಂದಾಯದ ವರ್ಷ) 590 ಕೂಡಿಸಿ. ಬರೀ ಸಂವತ್ಸರದ ಹೆಸರಿದ್ರೆ ಹುಷಾರು, ಅದು 60 ವರ್ಷಕ್ಕೊಮ್ಮೆ ತಿರುಗಿ ಬರತ್ತೆ. ರಾಯಚೂರು ಕಡೆ ಹಳೇ ಕಾಗದ ಉರ್ದುಲಿ ಇರತ್ತೆ, ಧಾರವಾಡ ಬೆಳಗಾವಿ ಕಡೆದು ಮೋಡಿ ಲಿಪಿಲಿ ಇರತ್ತೆ, ಇದನ್ನ ಓದೋರು ಕಮ್ಮಿ ಆಗಿದಾರೆ, ಆದ್ರೂ ಹುಡುಕಿ ಓದ್ಸಿ, ಅಂದಾಜಲ್ಲಿ ಓದ್ಬೇಡಿ.

ಅಳತೆ ವಿಷಯದಲ್ಲಿ ಜನ ದಾರಿ ತಪ್ಪೋದು ಇಲ್ಲೇ. ನಮ್ಮ ಟಿಪ್ಪಣಿಲಿ ಸರಪಳಿ ಅಂದ್ರೆ 33 ಅಡಿ, ಅದಕ್ಕೆ 16 ಆಣೆ. ಅಂದ್ರೆ ಒಂದಾಣೆ ಎರಡಡಿ ಚಿಲ್ಲರೆ. ಅದೇ ಇಂಗ್ಲಿಷ್ ಗಂಟರ್ ಸರಪಳಿ 66 ಅಡಿ. ಯಾವುದು ಅಂತ ನೋಡದೇ ಲೆಕ್ಕ ಹಾಕಿದ್ರೆ ನೇರವಾಗಿ ಎರಡರಷ್ಟು ದೂರ ಹೋಗಿರ್ತೀರ. ಮಾತಿನ ವಿವರಣೆಲಿ ಮಾರು ಬಂದ್ರೆ ಸುಮಾರು ಆರಡಿ, ಮೊಳ ಒಂದೂವರೆ ಅಡಿ. ಹರಿದಾರಿ ಸುಮಾರು ಮೂರು ಮೈಲಿ, ಆದ್ರೆ ಅದು ನಡೆದ ದಾರಿ ಲೆಕ್ಕ, ನಕ್ಷೆ ಮೇಲೆ ಸ್ಕೇಲಿಟ್ಟು ಎಳೆಯೋ ನೇರ ಗೆರೆ ಅಲ್ಲ. ಕೂಗಳತೆ ಅಂತ ಬರೆದಿದ್ರೆ ಕೂಗಿ ನೋಡಿ, ತಮಾಷೆ ಅಲ್ಲ, ಕಣಿವೆಲಿ ಒಂದು ಥರ ಬಯಲಲ್ಲಿ ಒಂದು ಥರ ಕೇಳತ್ತೆ.

ದಿಕ್ಕು: ಮೂಡಲು ಪೂರ್ವ, ಪಡುವಲು ಪಶ್ಚಿಮ, ತೆಂಕಲು ದಕ್ಷಿಣ, ಬಡಗಲು ಉತ್ತರ.

ಹಂತ 4: ಹಳೇ ನಕ್ಷೆನ ಇವತ್ತಿನ ನಕ್ಷೆ ಮೇಲೆ ಕೂರ್ಸೋದು

ಇದನ್ನ ಜಿಯೋರೆಫರೆನ್ಸಿಂಗ್ ಅಂತಾರೆ. ಹಳೇ ನಕ್ಷೆ ಸ್ಕ್ಯಾನ್ ಮಾಡಿ ಕ್ಯೂಜಿಐಎಸ್‌ಗೆ ಹಾಕಿ, ಎರಡೂ ನಕ್ಷೆಲಿರೋ ಒಂದೇ ಜಾಗವನ್ನ ಜೋಡಿಸ್ತಾ ಹೋಗ್ಬೇಕು. ಕಮ್ಮಿ ಅಂದ್ರೂ ಐದಾರು ಬಿಂದು, ನಾಲ್ಕೂ ಮೂಲೆಗೆ ಹಂಚಿರ್ಬೇಕು, ಎಲ್ಲಾ ಒಂದೇ ಕಡೆ ಗುಂಪಾಗಿದ್ರೆ ಇನ್ನೊಂದು ಅಂಚು ಎಳೆದ ರಬ್ಬರ್ ಥರ ಆಗತ್ತೆ. ದೇವಸ್ಥಾನ, ಕೋಟೆ ಬುರುಜು, ಬೆಟ್ಟದ ತುದಿ, ಕೆರೆ ಏರಿ ತಗೊಳ್ಳಿ. ಕೆರೆ ನೀರಿನ ಅಂಚು, ಹಳ್ಳದ ತಿರುವು, ರಸ್ತೆ ತಗೋಬೇಡಿ, ಅವು ಜಾಗ ಬದಲಾಯಿಸಿರ್ತಾವೆ.

ಇಲ್ಲೊಂದು ದೊಡ್ಡ ಗುಂಡಿ ಇದೆ, ನಾನೂ ಬಿದ್ದಿದೀನಿ. ಇಪ್ಪತ್ತನೇ ಶತಮಾನದ ಶುರುವಿಗೂ ಮುಂಚಿನ ಸರ್ವೆ ಆಫ್ ಇಂಡಿಯಾ ನಕ್ಷೆಗಳ ರೇಖಾಂಶ ಮದ್ರಾಸ್ ವೀಕ್ಷಣಾಲಯದ ಹಳೇ ಲೆಕ್ಕದ ಮೇಲೆ ನಿಂತಿತ್ತು, ಆ ಲೆಕ್ಕದಲ್ಲಿ 2 ನಿಮಿಷ 27 ಸೆಕೆಂಡ್ ಹೆಚ್ಚಿತ್ತು. ಅಂದ್ರೆ ನಕ್ಷೆಲಿರೋ ರೇಖಾಂಶದಿಂದ ಅಷ್ಟನ್ನ ಕಳೀಬೇಕು. ಕಳೀದೇ ಜಿಪಿಎಸ್‌ಗೆ ಹಾಕಿದ್ರೆ ನಮ್ಮ ಅಕ್ಷಾಂಶದಲ್ಲಿ ಸುಮಾರು 4.4 ಕಿಲೋಮೀಟರ್ ಪೂರ್ವಕ್ಕೆ ಹೋಗಿ ನಿಲ್ತೀರ. ನಾನು ಒಂದಿಡೀ ಭಾನುವಾರ ಯಾರದೋ ಕಡಲೆಕಾಯಿ ಹೊಲದಲ್ಲಿ ಗಣಿ ಹುಡುಕಿದ್ದು ಹಿಂಗೇನೇ. ಎಷ್ಟೋ ಹಾಳೆಗಳ ಅಂಚಲ್ಲಿ ಸಣ್ಣ ಅಕ್ಷರದಲ್ಲಿ ಈ ತಿದ್ದುಪಡಿ ಬರೆದಿರ್ತಾರೆ, ಅಂಚನ್ನ ಕತ್ತರಿಸಿ ಸ್ಕ್ಯಾನ್ ಮಾಡ್ಬೇಡಿ. ಇದಾದ್ಮೇಲೂ ಹಳೇ ನಕ್ಷೆಗೆ ಬಳಸಿದ ಎವರೆಸ್ಟ್ ಡೇಟಂಗೂ (ಭೂಮಿ ಆಕಾರ ಹಿಂಗಿದೆ ಅಂತ ಹಿಡಿದ ಲೆಕ್ಕ) ಜಿಪಿಎಸ್‌ದಕ್ಕೂ ನೂರಿನ್ನೂರು ಮೀಟರ್ ವ್ಯತ್ಯಾಸ ಬರತ್ತೆ, ಸಾಫ್ಟ್‌ವೇರಲ್ಲಿ ಡೇಟಂ ಸರಿಯಾಗಿ ಆರಿಸಿದ್ರೆ ಅದು ಹೆಚ್ಚುಕಮ್ಮಿ ಸರಿಹೋಗತ್ತೆ. ದಿಕ್ಸೂಚಿ ಮುಳ್ಳಿನ ತಪ್ಪು ನಮ್ಮ ಕಡೆ ಒಂದೆರಡು ಡಿಗ್ರಿ ಅಷ್ಟೇ, ಒಂದು ಡಿಗ್ರಿಗೆ ಕಿಲೋಮೀಟರಿಗೆ 17 ಮೀಟರ್ ಆಚೀಚೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಕಬ್ಬಿಣದ ಅದಿರಿರೋ ಗುಡ್ಡದಲ್ಲಿ ಮಾತ್ರ ಮುಳ್ಳು ಹುಚ್ಚುಚ್ಚಾಗಿ ಆಡತ್ತೆ, ಅಲ್ಲಿ ಜಿಪಿಎಸ್ಸೇ ಗತಿ.

ಹಂತ 5: ಕಲ್ಲಿನ ಗುರುತು

ಅತಿ ಹೆಚ್ಚು ಹಾನಿ ಆಗಿರೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಸೂರ್ಯ ಚಂದ್ರ ಕೆತ್ತಿದ್ರೆ ನಿಧಿ ಅಂತ ಯಾವನೋ ಯಾವಾಗ್ಲೋ ಹಬ್ಬಿಸಿದಾನೆ. ಅದರ ಅರ್ಥ "ಆಚಂದ್ರಾರ್ಕ", ಸೂರ್ಯ ಚಂದ್ರ ಇರೋತನಕ ಈ ದಾನ ನಡೀಲಿ, ಈ ವೀರನ ಹೆಸರು ಉಳೀಲಿ ಅಂತ. ದಾನಶಾಸನ, ವೀರಗಲ್ಲು, ಮಾಸ್ತಿಕಲ್ಲು ಎಲ್ಲದರಲ್ಲೂ ಇರತ್ತೆ. ವೀರಗಲ್ಲಲ್ಲಿ ಕೆಳಗಿನ ಪಟ್ಟಿಲಿ ಯುದ್ಧ, ನಡುವೆ ಅಪ್ಸರೆಯರು ಕರ್ಕೊಂಡು ಹೋಗೋದು, ಮೇಲೆ ಶಿವಲಿಂಗದ ಮುಂದೆ ಕೂತಿರೋದು, ವೀರನ ಕತ್ತಿ ತೋರಿಸೋ ದಿಕ್ಕಲ್ಲಿ ಗಣಿ ಅಂತೇನೂ ಇಲ್ಲ. ಇದನ್ನ ನಂಬಿ ಎಷ್ಟು ವೀರಗಲ್ಲು ಕಿತ್ತು ಬೀಳಿಸಿದಾರೆ ಅಂದ್ರೆ, ಒಂದೊಂದು ಊರಲ್ಲಿ ನಿಂತಿರೋದಕ್ಕಿಂತ ಮಲಗಿರೋದೇ ಜಾಸ್ತಿ.

ಬರೀ ಲಿಂಗ ಕೆತ್ತಿರೋ ಕಲ್ಲು ಲಿಂಗಮುದ್ರೆ ಕಲ್ಲು, ಶಿವ ದೇವಸ್ಥಾನಕ್ಕೆ ಕೊಟ್ಟ ಭೂಮಿ ಗಡಿ. ಕೊಡೆ ಹಿಡಿದ ಗಿಡ್ಡ ಬ್ರಾಹ್ಮಣ ಇದ್ರೆ ವಾಮನಮುದ್ರೆ. ಮೂರು ಕೊಡೆ ಒಂದರ ಮೇಲೊಂದು ಇದ್ರೆ ಮುಕ್ಕೊಡೆ ಕಲ್ಲು, ಬಸದಿ ಜಮೀನು. ಕತ್ತೆ ಚಿತ್ರ ಇದ್ರೆ ಅದು ದಾನಕ್ಕೆ ಅಡ್ಡ ಬಂದೋನಿಗೆ ಹಾಕಿದ ಬೈಗುಳ! ಇವೆಲ್ಲ ಗಡಿ ಕಲ್ಲು, ದಾರಿ ಕಲ್ಲಲ್ಲ. ಆದ್ರೆ ಉಪಯೋಗ ಇಲ್ಲ ಅಂತಲ್ಲ. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ (ಬಿ.ಎಲ್. ರೈಸ್ ಅವರು ಶುರು ಮಾಡಿದ ಶಾಸನಗಳ ಸಂಗ್ರಹ) ನಿಮ್ಮ ತಾಲ್ಲೂಕಿನ ಶಾಸನ ತೆಗೆದು ನೋಡಿ, ಗಡಿ ಹೇಳೋವಾಗ ಹಳ್ಳ, ಗುಡ್ಡ, ಗುಂಡಿ, ಮರ ಎಲ್ಲಾ ಹೆಸರಿಟ್ಟು ಹೇಳಿರ್ತಾರೆ, ಅದು ಸಾವಿರ ವರ್ಷ ಹಿಂದಿನ ಊರ ನಕ್ಷೆನೇ.

ಬೆಟ್ಟದ ತುದಿ ಬಂಡೇಲಿ ವೃತ್ತ, ನಡುವೆ ಚುಕ್ಕಿ ಇದ್ರೆ ತ್ರಿಕೋನ ಸರ್ವೆಯ (ಬೆಟ್ಟದಿಂದ ಬೆಟ್ಟಕ್ಕೆ ಕೋನ ಅಳೆದು ನಕ್ಷೆ ಮಾಡಿದ ಸರ್ವೆ) ನಿಲ್ದಾಣ. ಜಿಟಿಎಸ್ ಬಿಎಂ ಅನ್ನೋ ಇಂಗ್ಲಿಷ್ ಅಕ್ಷರ ಕೊರೆದಿದ್ರೆ ಎತ್ತರ ಅಳೆದ ಗುರುತು. ಇವು ನಿಧಿಗಿಂತ ಬೆಲೆಬಾಳೋವು, ಯಾಕಂದ್ರೆ ಹಂತ 4ಕ್ಕೆ ಇಷ್ಟು ನಿಖರವಾದ ಬಿಂದು ಬೇರೆ ಸಿಗಲ್ಲ. ಇದನ್ನ ಕೀಳೋದು ಅಪರಾಧ. ಹೊಲದ ಮೂಲೇಲಿ ಮೂರು ಊರು ಸೇರೋ ಕಡೆ ಇರೋದು ಟ್ರೈಜಂಕ್ಷನ್ ಕಲ್ಲು, ಅದನ್ನೂ ಮುಟ್ಬೇಡಿ.

ಬಂಡೆ ಓದೋಕೆ ಬಂದ್ರೆ ಏನು ಸಿಗ್ಬಹುದು ಅನ್ನೋದಕ್ಕೆ ಮಸ್ಕಿ ನೋಡಿ. 1915ರಲ್ಲಿ ರಾಯಚೂರು ಸೀಮೆಲಿ ಚಿನ್ನ ಹುಡುಕ್ತಿದ್ದ ಬೀಡನ್ ಅನ್ನೋ ಗಣಿ ಇಂಜಿನಿಯರ್ ಕಣ್ಣಿಗೆ ಬಂಡೆ ಮೇಲಿನ ಅಕ್ಷರ ಬಿತ್ತು. ಅದು ಅಶೋಕನ ಶಾಸನ, ಅದರಲ್ಲಿ ಅಶೋಕ ಅನ್ನೋ ಹೆಸರೇ ಇತ್ತು, ಬೇರೆ ಶಾಸನಗಳಲ್ಲಿ ಬರೋ ದೇವಾನಾಂಪ್ರಿಯ ಅಂದ್ರೆ ಅಶೋಕನೇ ಅನ್ನೋದು ಗಟ್ಟಿಯಾಗಿದ್ದು ಅದರಿಂದ. ಬೀಡನ್ ಅದನ್ನ ನಿಧಿ ಗುರುತು ಅಂತ ಒಡೆದಿದ್ರೆ?

ಹಂತ 6: ಊರಲ್ಲಿ ಕೇಳಿ

ವಾರನ್‌ಗೂ ಜನಾನೇ ತೋರಿಸಿದ್ದು. "ಚಿನ್ನದ ಗಣಿ ಎಲ್ಲಿದೆ" ಅಂತ ಕೇಳಿದ್ರೆ ಒಂದೋ ನಗ್ತಾರೆ ಇಲ್ಲಾ ಪೊಲೀಸಿಗೆ ಹೇಳ್ತಾರೆ. ಮೊದಲು ಪಂಚಾಯ್ತಿಲೋ ಗ್ರಾಮ ಆಡಳಿತಾಧಿಕಾರಿ (ಹಿಂದೆ ಗ್ರಾಮ ಲೆಕ್ಕಾಧಿಕಾರಿ ಅಂತಿದ್ರು) ಹತ್ರಾನೋ ಬಂದಿರೋ ವಿಷಯ ಹೇಳಿ, ಆಮೇಲೆ ಕುರಿ ಕಾಯೋರನ್ನ ಮಾತಾಡ್ಸಿ. "ಅಜ್ಜಾ, ಕುರಿ ಬೀಳ್ತಾವೆ ಅಂತ ನೀವು ಹೊಡ್ಕೊಂಡು ಹೋಗದೇ ಇರೋ ಜಾಗ ಯಾವುದಾದ್ರೂ ಐತಾ" ಅಂತ ಕೇಳಿ ನೋಡಿ, ಉತ್ತರ ಥಟ್ಟಂತ ಬರತ್ತೆ. ಬಾವಲಿ ಎಲ್ಲಿಂದ ಬರ್ತಾವೆ, ಉಳೋವಾಗ ಎಲ್ಲಿ ಕಿಟ್ಟ ಸಿಗತ್ತೆ, ಇದನ್ನೂ ಕೇಳಿ. ಗದಗದ ಕಪ್ಪತಗುಡ್ಡದ ಕಡೆ ಹಳ್ಳದ ಮರಳು ತೊಳೆದು ಚಿನ್ನದ ಕಣ ತೆಗೀತಿದ್ದೋರನ್ನ ಜಲಗಾರರು ಅಂತಿದ್ರು, ಯಾವ ಮಳೆ ಆದ್ಮೇಲೆ ಯಾವ ಹಳ್ಳ ಅನ್ನೋದು ಅವರ ಮನೆತನದ ವಿದ್ಯೆ. 1874ರಲ್ಲೇ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ಅಲ್ಲಿನ ಚಿನ್ನದ ಕಲ್ಲಿನ ಬಗ್ಗೆ ಬರೆದ, ಆದ್ರೆ ಹಳ್ಳ ಗೊತ್ತಿದ್ದಿದ್ದು ಇವರಿಗೆ.

ಹಂತ 7: ನೆಲ ಓದೋದು

ಗಣಿ ಜನ ಓಲ್ಡ್ ವರ್ಕಿಂಗ್ಸ್ ಅಂತಾರೆ, ಅಂದ್ರೆ ಹಿಂದಿನವರು ತೋಡಿ ಬಿಟ್ಟ ಜಾಗ. ಮೊದಲು ಭೂಕೋಶಲ್ಲಿ ನೋಡಿ, ನಿಮ್ಮ ಜಾಗ ಧಾರವಾಡ ಶಿಸ್ಟ್ ಪಟ್ಟಿಲಿ (ಪದರ ಪದರವಾಗಿರೋ ಹಳೇ ಕಪ್ಪು ಹಸಿರು ಕಲ್ಲು) ಇದೆಯಾ ಅಂತ. ಕೋಲಾರ, ಹಟ್ಟಿ, ಗದಗ, ಎಲ್ಲಾ ಇಂಥ ಶಿಸ್ಟ್ ಪಟ್ಟಿಗಳೇ. ಬರೀ ಗ್ರಾನೈಟ್ ಗುಡ್ಡ ಆಗಿದ್ರೆ ಎಷ್ಟು ಚಂದದ ನಕ್ಷೆ ಇದ್ರೂ ಮನೆಗೆ ಹೋಗಿ.

ಜಾಗಕ್ಕೆ ಹೋದ್ಮೇಲೆ ಒಂದು ಗುಂಡಿ ನೋಡಿ ಕುಣೀಬೇಡಿ. ಕಲ್ಲು ಕೋರೆ, ಹಗೇವು, ಕುಸಿದ ಬಾವಿ ಎಲ್ಲಾ ಗುಂಡಿನೇ. ಹಳೇ ಗಣಿ ಆದ್ರೆ ಗುಂಡಿಗಳು ಸಾಲಾಗಿರತ್ವೆ, ಯಾಕಂದ್ರೆ ಚಿನ್ನ ಇರೋ ಬೆಣಚು ಕಲ್ಲಿನ ಎಳೆ ನೆಲದೊಳಗೆ ಗೋಡೆ ಥರ ಉದ್ದಕ್ಕೆ ಓಡತ್ತೆ, ಅದನ್ನ ಹಿಂಬಾಲಿಸಿ ತೋಡಿರ್ತಾರೆ. ಪಕ್ಕದಲ್ಲೇ ಒಡೆದು ಎಸೆದ ಬಿಳಿ ಬೆಣಚಿನ ಚೂರು, ತುಕ್ಕು ಬಣ್ಣದ ಕಲೆ ಇರೋವು, ಗುಡ್ಡೆ ಗುಡ್ಡೆ ಬಿದ್ದಿರತ್ತೆ. ಬಂಡೇಲಿ ಸಾಲಾಗಿ ಒರಳಿನಂಥ ಗುಳಿ ಇದ್ರೆ ಅದಿರು ಕುಟ್ಟಿದ ಜಾಗ. ಮಡಕೆ ಚೂರು, ಇದ್ದಿಲು ಸಿಕ್ರೆ ಇನ್ನೂ ಖಾತ್ರಿ. ಕಲ್ಲಿನ ಗೋಡೆ ನುಣ್ಣಗೆ ಬಟ್ಟಲಿನ ಥರ ಸುಲಿದಿದ್ರೆ ಬೆಂಕಿ ಹಾಕಿ ಒಡೆದಿದ್ದು, ಕಟ್ಟಿಗೆ ಉರಿಸಿ ಬಂಡೆ ಕಾಯಿಸಿ ತಣ್ಣೀರು ಸುರಿದ್ರೆ ಕಲ್ಲು ಪದರ ಬಿಡತ್ತೆ. ಹಟ್ಟಿಲಿ ಸುಮಾರು 2000 ವರ್ಷ ಹಿಂದೆ ಇದೇ ಥರ ಮದ್ದುಗುಂಡು, ಪಂಪು ಏನೂ ಇಲ್ದೆ 600 ಅಡಿಗಿಂತ ಆಳಕ್ಕೆ ಇಳಿದಿದ್ರು, ನಾನು ಬೇರೆ ಯಾವ ನಿಧಿ ಕಥೆಗೂ ಬೆರಗಾಗಲ್ಲ, ಇದಕ್ಕೆ ಮಾತ್ರ ಆಗ್ತೀನಿ. ತಾಮ್ರದ ಹಳೇ ಗಣಿ ನೋಡ್ಬೇಕಂದ್ರೆ ಚಿತ್ರದುರ್ಗದ ಇಂಗಳದಾಳು, ಹಾಸನ ಜಿಲ್ಲೆ ಕಲ್ಯಾಡಿ, ಅಲ್ಲಿ ಕಲ್ಲಿಗೆ ಹಸಿರು ಪಾಚಿ ಬಣ್ಣ ಹಿಡಿದಿರತ್ತೆ.

ಹೋಗೋ ಕಾಲ ಜನವರಿ ಫೆಬ್ರವರಿ. ಮಳೆಗಾಲದಲ್ಲಿ ಹುಲ್ಲು ಗುಂಡಿ ಬಾಯಿ ಮುಚ್ಚಿರತ್ತೆ, ಕಾಲಿಟ್ಟಾಗ್ಲೇ ಗೊತ್ತಾಗೋದು. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ನೋಡಿ, ತಗ್ಗೆಲ್ಲ ನೆರಳಾಗಿ ಎದ್ದು ಕಾಣತ್ತೆ.

ಹಂತ 8: ಬಾಯಿ ಸಿಕ್ತು, ಈಗ?

ಒಳಗೆ ಇಳೀಬೇಡಿ. ಹತ್ತಡಿ ಆದ್ರೂ ಸರಿ. ಹಳೇ ಗುಂಡಿ ತಳದಲ್ಲಿ ಕೆಟ್ಟ ಗಾಳಿ ನಿಂತಿರತ್ತೆ, ಉಸಿರಾಟಕ್ಕೆ ಆಮ್ಲಜನಕ ಇರಲ್ಲ, ವಾಸನೆಯೂ ಬರಲ್ಲ, ಒಬ್ಬ ಬಿದ್ದ ಅಂತ ಎತ್ತೋಕೆ ಇಳಿದ ಇನ್ನೊಬ್ಬನೂ ಅಲ್ಲೇ ಉಳೀತಾನೆ. ಅಂಚಿಂದ ಐದಾರು ಅಡಿ ದೂರ ನಿಲ್ಲಿ, ಅಂಚಿನ ಕೆಳಗೆ ಟೊಳ್ಳಾಗಿರ್ಬಹುದು. ಒಬ್ರೇ ಹೋಗ್ಬೇಡಿ. ಹೆಜ್ಜೇನು, ಹಾವು, ಕರಡಿ ಮೂರಕ್ಕೂ ಇಂಥ ಜಾಗ ಇಷ್ಟ. ಕೆಜಿಎಫ್ ಹೋದ್ರೆ ಸೈನೈಡ್ ದಿಬ್ಬ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ) ಹತ್ತಿ ಆಡ್ಬೇಡಿ, ಆ ಧೂಳು ಒಳ್ಳೇದಲ್ಲ.

ಕಾನೂನು ಚುಟುಕಾಗಿ: ಚಿನ್ನ ಹುಡುಕೋಕೆ ಅಂತ ಅಗೆಯೋದು ಲೈಸೆನ್ಸ್ ಇಲ್ದೆ ಆಗಲ್ಲ, ಸ್ವಂತ ಹೊಲ ಆದ್ರೂ 1957ರ ಗಣಿ ಕಾಯ್ದೆ ಅಡ್ಡ ಬರತ್ತೆ. ಹೂತಿಟ್ಟ ನಾಣ್ಯ ಒಡವೆ ಸಿಕ್ರೆ ಅದು 1962ರ ಕರ್ನಾಟಕ ನಿಧಿ ಕಾಯ್ದೆಗೆ ಬರತ್ತೆ, ಜಿಲ್ಲಾಡಳಿತಕ್ಕೆ ತಿಳಿಸ್ಲೇಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಗುದ್ದಲಿ ಹಾಕೋ ಯೋಚನೆನೂ ಬೇಡ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅರಣ್ಯ ಇಲಾಖೆ ಅನುಮತಿ ಬೇಕು. ನಿಧಿಗೆ ಬಲಿ ಗಿಲಿ ಅಂತ ಯಾರಾದ್ರೂ ಬಾಯಿ ಬಿಟ್ರೆ ವಾಮಾಚಾರ ತಡೆಗೆ 2017ರ ಕಾಯ್ದೆ ಇದೆ, ಸೀದಾ ಪೊಲೀಸ್ ಸ್ಟೇಷನ್.

ಹಂತ 9: ಬರೆದಿಡೋದು

ಪ್ರತಿ ಗುಂಡಿಗೂ ಜಿಪಿಎಸ್, ಉದ್ದ ಅಗಲ, ಯಾವ ದಿಕ್ಕಿಗೆ ಸಾಲು, ಪಕ್ಕದ ಕಲ್ಲು ಯಾವುದು, ಒಂದು ಸ್ಕೇಲ್ ಇಟ್ಟು ಫೋಟೋ. ಶಾಸನ, ಮಡಕೆ ಚೂರು ಕಂಡ್ರೆ ಎತ್ಕೊಂಡು ಬರ್ಬೇಡಿ, ಇದ್ದಲ್ಲೇ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ಜಾಗದ ಸಮೇತ ಕಳಿಸಿ. ತೆರೆದ ಗುಂಡಿ ಊರಿಗೆ ಹತ್ರ ಇದ್ರೆ ಪಂಚಾಯ್ತಿಗೆ ಹೇಳಿ ಬೇಲಿ ಹಾಕ್ಸಿ. ನಿಖರ ಜಾಗವನ್ನ ಆನ್‌ಲೈನಲ್ಲಿ ಹಾಕ್ಬೇಡಿ, ಮಾರನೇ ದಿನ ಜೆಸಿಬಿ ಬಂದಿರತ್ತೆ.

ಕೊನೇದಾಗಿ, ಎಲ್ಲರೂ ಕೇಳೋ ಹೊಳೆಯೋ ಕಲ್ಲಿನ ಪ್ರಶ್ನೆ. ಉಗುರಲ್ಲಿ ಕೆರೆದ್ರೆ ಪದರ ಪದರ ಏಳತ್ತಾ, ಅದು ಕಾಗೆಬಂಗಾರ. ಹಿತ್ತಾಳೆ ಥರ ಮಿಂಚ್ತಾ ಚೌಕ ಚೌಕವಾಗಿದೆಯಾ, ಮೆರುಗಿಲ್ಲದ ಟೈಲ್ಸ್ ಹಿಂಭಾಗಕ್ಕೆ ಉಜ್ಜಿ, ಕಪ್ಪು ಗೆರೆ ಬಂದ್ರೆ ಪೈರೈಟ್. ಚಿನ್ನ ಆದ್ರೆ ಗೆರೆ ಹಳದಿನೇ ಬರತ್ತೆ, ಸೂಜಿಲಿ ಚುಚ್ಚಿದ್ರೆ ಪುಡಿ ಆಗದೇ ತಗ್ಗತ್ತೆ, ಬಿಸಿಲಲ್ಲೂ ನೆರಳಲ್ಲೂ ಒಂದೇ ಬಣ್ಣ. ಫೋಟೋ ಕಳಿಸೋ ಮುಂಚೆ ಇಷ್ಟು ಮಾಡಿ ನೋಡಿ, ನನಗೆ ಇಲ್ಲೀತನಕ ಬಂದಿರೋದೆಲ್ಲ ಮೊದಲೆರಡರಲ್ಲೇ ಮುಗಿದಿದೆ.